ಮುಖದ ಗೆರೆಯೂ ಮೂಲಿಕೆಯ ಲೇಪವೂ



ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿ, ಅವು ಮೈಮೇಲೆ ಮೂಡುವುದಕ್ಕೆ ಮೊದಲೇ ಪೂಜೆಯಲ್ಲಿ ತೊಡಗಬೇಕೆಂದು ಎಚ್ಚರಿಸುವ ಬಸವಣ್ಣನವರ ವಚನವೊಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾಗಿದೆ. ಅದನ್ನು ಕೇಳಿದವರು ಸಾಮಾನ್ಯವಾಗಿ ವೈರಾಗ್ಯದ ಮಾತೆಂದು ತಲೆದೂಗಿ ಸುಮ್ಮನಾಗುತ್ತಾರೆ. ನಮಗಾದರೋ ಅದರಲ್ಲಿ ಇನ್ನೊಂದು ಗುಣ ಕಾಣುತ್ತದೆ. ಆ ವಚನ ಮುಪ್ಪನ್ನು ಹೀಗಳೆಯುವುದಿಲ್ಲ, ಮರೆಮಾಚುವುದೂ ಇಲ್ಲ. ಇದ್ದುದನ್ನು ಇದ್ದಂತೆ ನೋಡುತ್ತದೆ. ಕನ್ನಡಿಯ ಮುಂದೆ ನಿಂತಾಗ ನಮಗೆ ಬೇಕಾದದ್ದು ಈ ನೋಟವೇ. ಈ ತಿಂಗಳು ಇದನ್ನು ನೆನೆಯಲು ಕಾರಣವಾದದ್ದು ತುಮಕೂರು ಜಿಲ್ಲೆಯ ಶರಣೆಯೊಬ್ಬರು ಬರೆದ ಪತ್ರ.

ಆ ತಾಯಿ ಬರೆದಿರುವುದರ ಸಾರಾಂಶ ಇಷ್ಟು: "ನಮ್ಮ ಯಜಮಾನರಿಗೆ ಐವತ್ತಾರು ವರ್ಷ. ಮಗನ ಮದುವೆ ಗೊತ್ತಾದ ಮೇಲೆ ತಮ್ಮ ಮುಖದ ಸುಕ್ಕಿನ ಚಿಂತೆ ಹತ್ತಿದೆ. ಬರಿಯ ಗಿಡಮೂಲಿಕೆಯಿಂದ ಮಾಡಿದ್ದು, ಮುಪ್ಪು ಹಿಂದಕ್ಕೆ ಸರಿಯುತ್ತದೆ ಎಂಬ ಜಾಹೀರಾತು ನೋಡಿ ಎರಡು ಮೂರು ಬಗೆಯ ಲೇಪ ತಂದರು. ಆಮೇಲೆ ಅದೆಲ್ಲ ದುಬಾರಿ ಎಂದು, ಯಾರೋ ಹೇಳಿದ ಮಾತು ಕೇಳಿ ಗ್ರಂಧಿಗೆ ಅಂಗಡಿಯಿಂದ ಬಾವಂಚಿ ಬೀಜ ತಂದು ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿಕೊಂಡು ತೋಟಕ್ಕೆ ಹೋದರು. ಎರಡನೆಯ ದಿನ ಕೆನ್ನೆ ಕೆಂಪೇರಿ ಬೊಬ್ಬೆ ಎದ್ದಿತು. ಗಾಯ ಮಾಯ್ದರೂ ಕಪ್ಪು ಕಲೆ ಉಳಿದಿದೆ. ಗಿಡದ ವಸ್ತು ಹೀಗೆ ಸುಡುವುದುಂಟೇ? ಲಿಂಗಧಾರಿಗಳಾದವರು ಇಂಥವನ್ನು ಹಚ್ಚಬಹುದೇ? ಇವುಗಳಲ್ಲಿ ಪ್ರಾಣಿಗಳ ಕೊಬ್ಬು ಇರುತ್ತದೆಯೇ?"

ಮೂರು ಪ್ರಶ್ನೆಗಳೂ ಯೋಗ್ಯವಾದವು. ಇವು ಒಂದು ಮನೆಯ ಪ್ರಶ್ನೆಗಳಲ್ಲ. ನಲವತ್ತು ದಾಟಿದ ಗಂಡಸರು ಈ ವಿಷಯವನ್ನು ಬಾಯಿಬಿಟ್ಟು ಕೇಳಲು ನಾಚುತ್ತಾರೆ; ನಾಚಿಕೆಯಿಂದ ಕದ್ದು ಪ್ರಯೋಗ ಮಾಡಿಕೊಳ್ಳುತ್ತಾರೆ. ಆದುದರಿಂದ ಬಹಿರಂಗವಾಗಿಯೇ ವಿಚಾರ ಮಾಡೋಣ.

ಮೊದಲಿಗೆ ಬಾವಂಚಿಯ ಸಂಗತಿ. ಸಂಸ್ಕೃತದಲ್ಲಿ ಬಾಕುಚಿ ಎಂದು ಹೆಸರಾದ ಈ ಬೀಜ ನಮ್ಮ ವೈದ್ಯಗ್ರಂಥಗಳಲ್ಲಿ ಬಹುಕಾಲದಿಂದ ತೊನ್ನಿನ ಚಿಕಿತ್ಸೆಗೆ ಹೇಳಲ್ಪಟ್ಟಿದೆ. ಇದರಲ್ಲಿ ಸೊರಾಲೆನ್ ಎಂಬ ದ್ರವ್ಯವಿದೆ. ಅದು ಚರ್ಮದಲ್ಲಿ ಇಳಿದಿರುವಾಗ ಬಿಸಿಲು ಬಿದ್ದರೆ, ಸೂರ್ಯಕಿರಣದ ಕಣ್ಣಿಗೆ ಕಾಣದ ಅತಿನೇರಳೆ ಭಾಗವನ್ನು ಹೀರಿ ಚರ್ಮದ ಕಣಗಳನ್ನು ಘಾಸಿಗೊಳಿಸುತ್ತದೆ. ತೊನ್ನಿನ ರೋಗಿಗೆ ವೈದ್ಯರು ಇದೇ ಗುಣವನ್ನು ಅಳತೆಯ ಬೆಳಕಿನೊಡನೆ, ತಮ್ಮ ಕಣ್ಣೆದುರಿನಲ್ಲಿ ಉಪಯೋಗಿಸುತ್ತಾರೆ. ಅಳತೆಯಿಲ್ಲದೆ ಹಚ್ಚಿಕೊಂಡು ತೋಟದ ಬಿಸಿಲಿಗೆ ಹೋದರೆ ಸುಟ್ಟಗಾಯವೇ ಫಲ. ಹಚ್ಚಿದ ಒಡನೆ ಉರಿಯದೆ ಒಂದೆರಡು ದಿನಗಳ ಮೇಲೆ ಬೊಬ್ಬೆ ಏಳುವುದು, ಬಳಿಕ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುವುದು ಈ ಬಗೆಯ ಗಾಯದ ಲಕ್ಷಣ. ನಿಂಬೆಯ ಸಿಪ್ಪೆಯಲ್ಲಿಯೂ ರಸದಲ್ಲಿಯೂ ಇದೇ ಜಾತಿಯ ದ್ರವ್ಯಗಳಿರುವುದರಿಂದ, ಮುಖಕ್ಕೆ ನಿಂಬೆರಸ ಸವರಿ ಬಿಸಿಲಿಗೆ ಹೋಗುವುದೂ ಅಪಾಯವೇ. ಗಿಡದ ವಸ್ತುವಾದುದರಿಂದ ನಿರಪಾಯ ಎಂಬ ಮಾತನ್ನು ನಂಬುವವರು ನಮ್ಮ ಹೊಲದ ಬದುವಿನಲ್ಲಿ ಬೆಳೆದಿರುವ ಎಕ್ಕದ ಹಾಲನ್ನೂ ದತ್ತೂರಿಯ ಬೀಜವನ್ನೂ ಒಮ್ಮೆ ನೆನೆಯಬೇಕು.

ಆದಾಗ್ಯೂ ಬಾವಂಚಿಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಬೀಜದಲ್ಲಿ ಸೊರಾಲೆನ್‌ಗಿಂತ ಬೇರೆಯಾದ ಮತ್ತೊಂದು ದ್ರವ್ಯವಿದೆ. 1966ರಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ ವಿವರವನ್ನು ಪ್ರಕಟಿಸಿದರು. ಅದರ ಹೆಸರು ಬಾಕುಚಿಯಾಲ್. ಇಂದು ಮುಪ್ಪಿನ ಗುರುತನ್ನು ತಗ್ಗಿಸುವ ಸಸ್ಯಜನ್ಯ ಲೇಪಗಳೆಂದು ಮಾರಾಟವಾಗುವ ಎಷ್ಟೋ ಡಬ್ಬಿಗಳ ಮೇಲೆ ಕಾಣುವ ಹೆಸರು ಇದೇ. ಶುದ್ಧಗೊಳಿಸಿದ ಬಾಕುಚಿಯಾಲ್ ಬೇರೆ, ಅಂಗಡಿಯ ಇಡೀ ಬೀಜ ಬೇರೆ. ಒಂದೇ ಬೀಜದೊಳಗೆ ಸುಡುವುದೂ ಇದೆ, ಉಪಕಾರಿಯೂ ಇದೆ ಎಂದ ಮೇಲೆ, ವಿವೇಚನೆಯಿಲ್ಲದೆ ಅರೆದು ಹಚ್ಚುವುದು ತರವಲ್ಲ.

ಉಪಕಾರಿ ಎಂಬುದಕ್ಕೆ ಪ್ರಮಾಣವೇನು? 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ ಎಂಬ ಚರ್ಮವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದಿದೆ. 44 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶೇಕಡಾ 0.5ರ ಬಾಕುಚಿಯಾಲ್ ಲೇಪವನ್ನು ದಿನಕ್ಕೆ ಎರಡು ಸಲ, ಇನ್ನೊಂದು ಗುಂಪಿಗೆ ಶೇಕಡಾ 0.5ರ ರೆಟಿನಾಲ್ ಲೇಪವನ್ನು ದಿನಕ್ಕೆ ಒಂದು ಸಲ, 12 ವಾರಗಳ ಕಾಲ ಹಚ್ಚಿಸಿದರು. ರೆಟಿನಾಲ್ ಎಂಬುದು ಎ ಜೀವಸತ್ವದ ರೂಪ. ಸುಕ್ಕಿಗೆ ಬಹಳ ಕಾಲದಿಂದ ಬಳಕೆಯಲ್ಲಿದೆ. ಎರಡು ಗುಂಪಿನಲ್ಲಿಯೂ ಸುಕ್ಕು ಮತ್ತು ಕಲೆಗಳು ಅಳತೆಗೆ ಸಿಗುವಷ್ಟು ತಗ್ಗಿದವು. ಇಬ್ಬರ ನಡುವೆ ಹೆಚ್ಚು ಕಡಿಮೆ ಕಾಣಲಿಲ್ಲ. ಆದರೆ ರೆಟಿನಾಲ್ ಹಚ್ಚಿದವರಲ್ಲಿ ಸಿಪ್ಪೆ ಏಳುವುದು, ಚುರುಗುಟ್ಟುವುದು ಹೆಚ್ಚಾಗಿತ್ತು. ಇದು ಸಂತೋಷದ ಸಂಗತಿಯೇ. ಆದರೂ 44 ಮಂದಿ ದೊಡ್ಡ ಸಂಖ್ಯೆಯಲ್ಲ. ಔಷಧವಿಲ್ಲದ ಬರಿಯ ಲೇಪ ಹಚ್ಚಿದ ಮೂರನೆಯ ಗುಂಪು ಆ ಪರೀಕ್ಷೆಯಲ್ಲಿ ಇರಲಿಲ್ಲ. "ತಗ್ಗಿತು" ಎಂಬುದಕ್ಕೂ "ಮುಪ್ಪು ಹಿಂದಕ್ಕೆ ಸರಿಯಿತು" ಎಂಬುದಕ್ಕೂ ಇರುವ ಅಂತರವನ್ನು ಜಾಹೀರಾತು ಬರೆಯುವವರು ಮರೆತರೂ ಓದುವವರು ಮರೆಯಬಾರದು.

ಬರಿಯ ಲೇಪದ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಣಗಿದ ಚರ್ಮಕ್ಕೆ ಯಾವ ಜಿಡ್ಡನ್ನು ಹಚ್ಚಿದರೂ ನೀರಿನ ಅಂಶ ಒಳಗೆ ನಿಲ್ಲುತ್ತದೆ. ಮೇಲ್ಪದರ ತುಸು ಉಬ್ಬಿ ಸಣ್ಣ ಗೆರೆಗಳು ಅಂದೇ ಮಾಸಿದಂತೆ ತೋರುತ್ತವೆ. ಹಚ್ಚುವುದನ್ನು ಬಿಟ್ಟರೆ ಮತ್ತೆ ಕಾಣಿಸಿಕೊಳ್ಳುತ್ತವೆ. ಇದು ಹಸುವಿನ ಬೆಣ್ಣೆಯೂ ಮಾಡುವ ಕೆಲಸ. ಬೆಲೆ ತೆತ್ತು ತಂದ ಮೂಲಿಕೆಯ ಕೆಲಸ ಇದಕ್ಕಿಂತ ಹೆಚ್ಚಿನದೇ ಎಂದು ತಿಳಿಯಬೇಕಾದರೆ, ಮೂಲಿಕೆಯಿರುವ ಲೇಪವನ್ನೂ ಮೂಲಿಕೆಯಿಲ್ಲದ ಲೇಪವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನೋಡುವವರಿಗೆ ಯಾವುದು ಯಾವುದೆಂದು ತಿಳಿಯದಿರಬೇಕು.

ಇಲ್ಲಿ ಸಂಸ್ಕೃತ ಓದಿದವರು ಒಂದು ಆಕ್ಷೇಪ ಎತ್ತಬಹುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಯಃಸ್ಥಾಪನವೆಂದು ಹತ್ತು ಮೂಲಿಕೆಗಳ ಗಣವನ್ನೇ ಹೇಳಿದೆಯಲ್ಲ? ನಿಜ. ಅಮೃತಬಳ್ಳಿ, ಅಳಲೆ, ನೆಲ್ಲಿ, ಒಂದೆಲಗ, ಪುನರ್ನವ ಮೊದಲಾದವು ಅದರಲ್ಲಿ ಸೇರಿವೆ. ಆದರೆ ಅಲ್ಲಿ ಹೇಳಿರುವುದು ಕಷಾಯದ ಗಣ. ಆಹಾರ, ನಿದ್ರೆ, ನಡತೆಗಳ ನಿಯಮದೊಡನೆ ಸೇವಿಸಬೇಕಾದುದನ್ನು ಹೇಳಿದ ಗ್ರಂಥವನ್ನು, ಡಬ್ಬಿಯೊಂದರಲ್ಲಿ ಚಿಟಿಕೆ ಸತ್ವ ಬೆರೆಸಿದುದಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಚರಕಾಚಾರ್ಯರಿಗೆ ಮಾಡುವ ಅನ್ಯಾಯ. ನಮ್ಮ ಶರಣರಲ್ಲಿ ವೈದ್ಯ ಸಂಗಣ್ಣನೆಂಬಾತ ವೈದ್ಯವನ್ನೇ ಕಾಯಕವಾಗಿ ಕೈಗೊಂಡಿದ್ದನು. ರೋಗ, ನಿದಾನ, ಔಷಧಗಳ ಪರಿಭಾಷೆಯನ್ನು ವಚನಗಳಿಗೆ ತಂದವನು ಆತ. ಅಂತಹ ಪರಂಪರೆಯ ನಾವು ಹೆಸರನ್ನು ಕೇಳಿ ಔಷಧ ಕೊಳ್ಳುವವರಾಗಬಾರದು, ಗುಣವನ್ನು ಕಂಡು ಕೊಳ್ಳುವವರಾಗಬೇಕು.

ಗಂಡಸರ ಮುಖಚರ್ಮಕ್ಕೆ ತನ್ನದೇ ಆದ ಕೆಲವು ಲಕ್ಷಣಗಳಿವೆ. ಅದು ಹೆಂಗಸರ ಚರ್ಮಕ್ಕಿಂತ ದಪ್ಪ, ಜಿಡ್ಡು ಹೆಚ್ಚು. ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ಎಂಬ ನಾರು ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ವೇಗವಾಗಿ ಇಳಿದರೆ, ಗಂಡಸರಲ್ಲಿ ಯೌವನ ಕಳೆದಂದಿನಿಂದ ನಿಧಾನವಾಗಿ, ಎಡೆಬಿಡದೆ ಇಳಿಯುತ್ತ ಹೋಗುತ್ತದೆ. ಇದಲ್ಲದೆ ಕ್ಷೌರದ ಕತ್ತಿ ಗಡ್ಡದೊಡನೆ ಚರ್ಮದ ಮೇಲ್ಪದರವನ್ನೂ ತುಸು ಹೆರೆಯುವುದರಿಂದ, ಕ್ಷೌರವಾದ ಕೂಡಲೇ ಹಚ್ಚಿದ ಲೇಪ ಹೆಚ್ಚು ಚುರುಗುಟ್ಟುತ್ತದೆ. ಇಂಥ ಲೇಪಗಳ ಪರೀಕ್ಷೆಗಳು ಸಾಮಾನ್ಯವಾಗಿ ಹೆಂಗಸರ ಮೇಲೆಯೇ ಹೆಚ್ಚಾಗಿ ನಡೆದಿವೆ. "ಗಂಡಸರಿಗಾಗಿಯೇ" ಎಂದು ಕಪ್ಪು ಡಬ್ಬಿಯ ಮೇಲೆ ಅಚ್ಚುಹಾಕಿದ ಮಾತ್ರಕ್ಕೆ ಗಂಡಸರ ಮೇಲೆ ಪರೀಕ್ಷೆ ನಡೆದಿದೆ ಎಂದು ಅರ್ಥವಾಗುವುದಿಲ್ಲ.

ಗಂಡಸಿನ ಮುಖದ ಮೇಲೆ ಕಾಲವೇ ನಡೆಸಿದ ಒಂದು ಪರೀಕ್ಷೆಯ ಚಿತ್ರ ಮಾತ್ರ ಜಗತ್ತಿನ ವೈದ್ಯರಿಗೆಲ್ಲ ಪರಿಚಿತ. 2012ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಪತ್ರಿಕೆ 69 ವರ್ಷದ ಒಬ್ಬ ಲಾರಿ ಚಾಲಕನ ಭಾವಚಿತ್ರವನ್ನು ಪ್ರಕಟಿಸಿತು. ಆತ 28 ವರ್ಷ ಸರಕಿನ ಲಾರಿ ನಡೆಸಿದವನು. ಅಲ್ಲಿಯ ವಾಹನಗಳಲ್ಲಿ ಚಾಲಕನ ಕಿಟಕಿ ಎಡಗಡೆ. ಆ ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದೆ; ಎಡಭಾಗ ಆಳವಾದ ಸುಕ್ಕುಗಳಿಂದ ಜೋತುಬಿದ್ದು, ತಂದೆಯ ಮುಖವನ್ನು ಮಗನ ಮುಖಕ್ಕೆ ಜೋಡಿಸಿದಂತೆ ತೋರುತ್ತದೆ. ಕಿಟಕಿಯ ಗಾಜು ಸೂರ್ಯಕಿರಣದ ಒಂದು ಭಾಗವನ್ನು ತಡೆದರೂ, ಚರ್ಮದ ಆಳಕ್ಕೆ ಇಳಿದು ನಾರನ್ನು ಹಾಳುಮಾಡುವ ಇನ್ನೊಂದು ಭಾಗವನ್ನು ಒಳಗೆ ಬಿಡುತ್ತದೆ. ಅನ್ನ, ನೀರು, ವಂಶ, ವಯಸ್ಸು ಎರಡು ಕೆನ್ನೆಗೂ ಒಂದೇ, ಬೇರೆಯಾದದ್ದು ಬಿಸಿಲು. ಮುಪ್ಪೆಂದು ನಾವು ಹೆಸರಿಡುವುದರಲ್ಲಿ ವಯಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಈ ಪಾಠವನ್ನು ದೃಢಪಡಿಸಿದ ಪರೀಕ್ಷೆಯೂ ನಡೆದಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ನ್ಯಾಂಬರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 55 ವರ್ಷದೊಳಗಿನ 903 ಮಂದಿಯ ಮೇಲೆ ನಡೆದ ಈ ಅಧ್ಯಯನದ ಫಲ 2013ರಲ್ಲಿ ಪ್ರಕಟವಾಯಿತು. ಕೆಲವರು ಬಿಸಿಲುತಡೆಯ ಲೇಪವನ್ನು ದಿನವೂ ತಪ್ಪದೆ ಹಚ್ಚಿದರು. ಉಳಿದವರು ಇಷ್ಟಬಂದಾಗ ಹಚ್ಚಿದರು. ಅಂಗೈಯ ಹಿಂಬದಿಯ ಚರ್ಮದ ಅಚ್ಚು ತೆಗೆದು ನೋಡಿದಾಗ, ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡಾ 24ರಷ್ಟು ಕಡಿಮೆಯಿತ್ತು. ಅದೇ ಅಧ್ಯಯನದಲ್ಲಿ ಕೆಲವರಿಗೆ ಗಜ್ಜರಿ ಮೊದಲಾದವುಗಳಲ್ಲಿ ಇರುವ ಬೀಟಾ ಕೆರೋಟಿನ್ ಎಂಬ ವಸ್ತುವಿನ ಗುಳಿಗೆಯನ್ನೂ ಕೊಟ್ಟಿದ್ದರು. ಅದರಿಂದ ಚರ್ಮದ ಮುಪ್ಪಿನಲ್ಲಿ ಒಟ್ಟಾರೆ ಯಾವ ವ್ಯತ್ಯಾಸವೂ ಆಗಲಿಲ್ಲ. ಯಾವ ಸಸ್ಯತೈಲವೂ ತಾನೊಂದೇ ಬಿಸಿಲನ್ನು ಸಾಕಷ್ಟು ತಡೆಯಲಾರದು. ಹೊಲಕ್ಕೆ ಹೋಗುವ ಹಿರಿಯರು ಸುತ್ತುತ್ತಿದ್ದ ರುಮಾಲು, ಹಿಡಿಯುತ್ತಿದ್ದ ಕೊಡೆ ಇವು ಇಂದಿಗೂ ಹಳತಾಗಿಲ್ಲ. ಹೊಗೆಸೊಪ್ಪಿನ ಸೇವನೆ ಮುಖದ ಸುಕ್ಕನ್ನು ಹೆಚ್ಚಿಸುತ್ತದೆಂಬುದೂ ಸಿದ್ಧವಾದ ಮಾತು. ಬೀಡಿ ಸೇದುತ್ತ ಸುಕ್ಕಿನ ಲೇಪ ಕೊಳ್ಳುವವರು ಸೋರುವ ಕೊಡಕ್ಕೆ ನೀರು ಹೊರುವವರು.

ಇಷ್ಟಾದ ಮೇಲೂ ಲೇಪವನ್ನು ಬಳಸಿ ನೋಡಬೇಕೆನ್ನುವವರು ಮನೆಯಲ್ಲಿಯೇ ಕ್ರಮವಾಗಿ ಪರೀಕ್ಷಿಸಬಹುದು. ಮೊದಲು ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚತಕ್ಕದ್ದು. ಕೆರೆತ, ಕೆಂಪು, ಊತ ಕಂಡರೆ ಅಲ್ಲಿಗೇ ಬಿಡತಕ್ಕದ್ದು. ಏನೂ ಆಗದಿದ್ದರೆ ಮುಖಕ್ಕೆ ಹೋಗಬಹುದು. ಆಗಲೂ ಒಂದು ಕೆನ್ನೆಗೆ ಮೂಲಿಕೆಯ ಲೇಪ, ಇನ್ನೊಂದು ಕೆನ್ನೆಗೆ ಸುವಾಸನೆಯಿಲ್ಲದ ಸಾದಾ ಲೇಪ. ಮನೆಯವರೊಬ್ಬರು ಎರಡನ್ನೂ ಒಂದೇ ಬಗೆಯ ಶುಚಿಯಾದ ಡಬ್ಬಿಗಳಿಗೆ ತುಂಬಿ, ಬಲ, ಎಡ ಎಂದಷ್ಟೇ ಬರೆದು, ಗುಟ್ಟನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಅವಧಿ 12 ವಾರ. ಅದಕ್ಕಿಂತ ಮೊದಲೇ ಕಂಡದ್ದು ಬಹುಮಟ್ಟಿಗೆ ಜಿಡ್ಡಿನ ಮಹಿಮೆ. ಕ್ಷೌರದ ಒಡನೆ ಹಚ್ಚದೆ ರಾತ್ರಿ ಹಚ್ಚುವುದು ಲೇಸು. ನಾಲ್ಕು ವಾರಕ್ಕೊಮ್ಮೆ ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿನಲ್ಲಿ ಭಾವಚಿತ್ರ ತೆಗೆಯಬೇಕು. ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದು: ಸ್ನಾನವಾದ ಮೇಲೆ, ವಿಭೂತಿ ಧರಿಸುವ ಮುನ್ನ ಚಿತ್ರ ತೆಗೆಯಿರಿ, ಭಸ್ಮದ ಮೂರು ರೇಖೆಗಳು ಹಣೆಯ ಗೆರೆಗಳನ್ನು ಮುಚ್ಚುವುದರಿಂದ ತೀರ್ಮಾನವನ್ನು ಕೆನ್ನೆ ಮತ್ತು ಕಣ್ಣಂಚುಗಳಿಂದ ಮಾಡುವುದೇ ಉಚಿತ.

ಈ ಕ್ರಮವನ್ನು ಓದುಗರ ಮುಂದಿಡುವ ಮೊದಲು ನಾವೇ ನಡೆಸಿ ನೋಡಿದೆವು. ಬಾಕುಚಿಯಾಲ್ ಇರುವ ಲೇಪವೊಂದನ್ನೂ ಸಾದಾ ಲೇಪವೊಂದನ್ನೂ ನಮ್ಮ ಸೊಸೆ ತುಂಬಿಕೊಟ್ಟಳು. ಗುಟ್ಟನ್ನು ಕಾಗದದಲ್ಲಿ ಬರೆದು ಧಾನ್ಯದ ಡಬ್ಬಿಯಲ್ಲಿ ಇಟ್ಟಳು. ಮೊದಲ ವಾರದಲ್ಲಿಯೇ ಎರಡು ಕೆನ್ನೆಗಳೂ ಮೃದುವಾದವು. 12 ವಾರ ಕಳೆದ ಮೇಲೆ ಚಿತ್ರಗಳನ್ನು ಮೂವರ ಮುಂದೆ ಇಟ್ಟೆವು. ಇಬ್ಬರು ಭೇದ ತಿಳಿಯದೆಂದರು. ಒಬ್ಬರು ಬಲಗೆನ್ನೆ ಹೆಚ್ಚು ನಯವಾಗಿದೆ ಎಂದು ಖಂಡಿತವಾಗಿ ನುಡಿದರು. ಕಾಗದ ತೆರೆದಾಗ ಬಲಗೆನ್ನೆಯದು ಸಾದಾ ಲೇಪವೆಂದು ತಿಳಿಯಿತು! ಒಂದು ಮುಖ ಶಾಸ್ತ್ರವಾಗುವುದಿಲ್ಲ. 44 ಮಂದಿಯಲ್ಲಿ ಕಂಡ ಫಲವನ್ನು ನಮ್ಮೊಬ್ಬರ ಕೆನ್ನೆ ಅಲ್ಲಗಳೆಯಲಾರದು. ಆದರೆ ನೆರೆಮನೆಯವರ ಒಂದು ಕೆನ್ನೆಯನ್ನು ಕಂಡು ನಾವು ಹಣ ಸುರಿಯುವುದೂ ಅಷ್ಟೇ ಅಶಾಸ್ತ್ರೀಯವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಪ್ರಾಣಿಜನ್ಯ ವಸ್ತುವಿನ ಪ್ರಶ್ನೆ. ಮುಂಬದಿಯಲ್ಲಿ ಎಲೆಯ ಚಿತ್ರವಿದ್ದರೆ ಸಾಲದು, ಹಿಂಬದಿಯ ಘಟಕಗಳ ಪಟ್ಟಿಯನ್ನು ಓದಬೇಕು. ಗಿಡಮರಗಳಲ್ಲಿ ಕೊಲಾಜೆನ್ ಇಲ್ಲ. ಲೇಪದಲ್ಲಿ ಆ ಹೆಸರಿದ್ದರೆ ಅದು ಸಾಮಾನ್ಯವಾಗಿ ಮೀನು ಅಥವಾ ದನದ ಚರ್ಮದಿಂದ ಬಂದದ್ದು. ಮೇಲಾಗಿ ಅದರ ಕಣ ದೊಡ್ಡದಾದುದರಿಂದ ಚರ್ಮದೊಳಕ್ಕೆ ಇಳಿಯದು. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಸ್ಕ್ವಾಲೇನ್ ಎಂಬುದನ್ನು ಹಿಂದೆ ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ ತೆಗೆಯುತ್ತಿದ್ದರು. ಈಗ ಆಲಿವ್ ಮತ್ತು ಕಬ್ಬಿನಿಂದಲೂ ಮಾಡುತ್ತಾರೆ. ಗ್ಲಿಸರಿನ್ ಎರಡು ಮೂಲದಿಂದಲೂ ಬರಬಹುದು. ಸಂದೇಹವಿದ್ದರೆ ತಯಾರಕರಿಗೆ ಕಾಗದ ಬರೆದು ಕೇಳಿರಿ. ದಯೆಯೇ ಮೂಲವಾದ ಧರ್ಮದವರಿಗೆ ಸಮಾಧಾನದ ಸಂಗತಿಯೊಂದಿದೆ: ಪ್ರಸಾಧನ ವಸ್ತುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲಿ ನಿಷೇಧಿಸಿದೆ.

ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಇವು ಇಲ್ಲದ ಡಬ್ಬಿಯನ್ನು ಮನೆಗೆ ತರಬೇಡಿ. ಮೂಲಿಕೆಯ ಹೆಸರಿನಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ ಬೆರೆಸಿ ಮಾರುವವರೂ ಇದ್ದಾರೆ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ವಿಧಿಸಿತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ಅವಧಿಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದ ಹಲವರು ಮುಖ ಬೆಳ್ಳಗಾಗಿಸುವ ಲೇಪಗಳನ್ನು ಬಳಸುತ್ತಿದ್ದುದನ್ನು ವೈದ್ಯರು ಗುರುತಿಸಿದರು. ಪಾದರಸವೇ ಅದಕ್ಕೆ ಕಾರಣವೆಂದು ಕಂಡುಬಂದಿತು. ಒಂದು ವಾರದಲ್ಲಿ ಮುಖ ಹೊಳೆಯಿತು ಎಂದರೆ ಹಿಗ್ಗುವುದಕ್ಕಿಂತ ಹೆದರುವುದು ಮೇಲು.

ಲಿಂಗಧಾರಿಗಳು ಮುಖಕ್ಕೆ ಲೇಪ ಹಚ್ಚಬಹುದೇ ಎಂಬುದು ಉಳಿದ ಪ್ರಶ್ನೆ. ಶರಣರು ಕಾಯವನ್ನು ಕಸವೆಂದು ಎಸೆದವರಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಮೈಯೇ, ಕಾಯಕಕ್ಕೆ ದುಡಿಯುವುದು ಈ ಕೈಯೇ. ಒಡೆದ ಹಿಮ್ಮಡಿಗೆ ಎಣ್ಣೆ ಸವರುವುದು ತಪ್ಪಲ್ಲವಾದರೆ ಒಣಗಿದ ಕೆನ್ನೆಗೆ ಲೇಪ ಹಚ್ಚುವುದೂ ತಪ್ಪಲ್ಲ. ಆದರೆ ಆರೈಕೆ ಒಂದು, ಅಂಜಿಕೆ ಇನ್ನೊಂದು. ಚರ್ಮ ಆರೋಗ್ಯವಾಗಿರಲೆಂದು ಮಾಡುವುದು ಆರೈಕೆ. ನಾಲ್ಕು ಜನರ ಮುಂದೆ ನಮ್ಮ ವಯಸ್ಸು ನಮಗೇ ಅವಮಾನವೆಂದು ತಿಳಿದು ಮಾಡುವುದು ಅಂಜಿಕೆ. ಆರೈಕೆಗೆ ತಿಂಗಳಿಗೆ ಇಷ್ಟೆಂಬ ಮಿತಿ ಇದೆ. ಅಂಜಿಕೆಗೆ ಎಷ್ಟು ಸುರಿದರೂ ಸಾಲದು. ದಾಸೋಹಕ್ಕೂ ಮಕ್ಕಳ ಓದಿಗೂ ಸಲ್ಲಬೇಕಾದ ಹಣ ಆ ದಾರಿಯಲ್ಲಿ ಸೋರಿಹೋಗದಂತೆ ಮನೆಯ ಹಿರಿಯರು ನೋಡಿಕೊಳ್ಳಬೇಕು. ಮನೆಯವರೂ ಅಷ್ಟೇ: "ಅಪ್ಪಾಜಿಗೆ ಎಷ್ಟು ವಯಸ್ಸಾಯಿತು ನೋಡಿ" ಎಂದು ನಗೆಯಾಡುವ ಮೊದಲು ಆ ಮಾತು ಎಲ್ಲಿ ನಾಟುತ್ತದೆಂದು ಯೋಚಿಸಬೇಕು. ಗಂಡಸರು ನೋವನ್ನು ಹೇಳುವುದಿಲ್ಲ, ಬಾವಂಚಿ ಅರೆಯುತ್ತಾರೆ.

ಬಿಸಿಲಿಗೆ ನೆರಳು, ಒಣಗಿದ ಚರ್ಮಕ್ಕೆ ಸಾದಾ ಜಿಡ್ಡು, ಪರೀಕ್ಷಿಸಿದ ಬಳಿಕ ಬೇಕೆನಿಸಿದರೆ ಮೂಲಿಕೆಯ ಲೇಪ, ಕಲೆ ಉಳಿದವರಿಗೆ ಚರ್ಮವೈದ್ಯರ ಸಲಹೆ, ಇಷ್ಟು ಸಾಕು. ಉಳಿದ ಗೆರೆಗಳು ದುಡಿದ ದಿನಗಳ ಲೆಕ್ಕ. ಅವುಗಳನ್ನು ಹೊತ್ತು ಸಭೆಯಲ್ಲಿ ತಲೆಯೆತ್ತಿ ಕೂರುವುದಕ್ಕೆ ಯಾವ ಲೇಪವೂ ಬೇಕಾಗಿಲ್ಲ.